ನಿಮಗೆ ಮಾತ್ರ ಹೇಳಿದ್ದು

ಮೊದಲ ದಿನ ನಾನು ಅವರನ್ನೇ ಚಿತ್ರಕಾರ ಎಂದುಕೊಂಡೆ. ಅವರು ನನ್ನನ್ನು ಫ್ರೇಮ್ ಹಾಕಿಸಲು ಬಂದ ಗಿರಾಕಿ ಎಂದುಕೊಂಡರು.

"ಸೈಜ್ ಎಷ್ಟು?" ಎಂದು ತಲೆ ಎತ್ತದೆ ಕೇಳಿದರು. ಕಿವಿಯ ಮೇಲೆ ಪೆನ್ಸಿಲ್, ರೆಪ್ಪೆಗಳ ಮೇಲೆ ಮರದ ಪುಡಿ.

"ಎಷ್ಟಿದ್ದರೂ ಪರವಾಗಿಲ್ಲ. ನಿಮಗೆ ಇಷ್ಟವಾದ ಒಂದು ಕೆಲಸ ತೋರಿಸಿ ಸಾಕು."

ಅವರು ಗೋಡೆಯಿಂದ ಖಾಲಿ ಚೌಕಟ್ಟೊಂದನ್ನು ಇಳಿಸಿ ನನ್ನ ಮುಂದೆ ಹಿಡಿದರು. ಇದೇನೋ ಹೊಸ ಬಗೆಯ ಕಲೆ ಇರಬೇಕು ಎಂದು ನಾನು ಆ ಖಾಲಿಯನ್ನೇ ನೋಡುತ್ತ ತಲೆದೂಗಿದೆ.

"ತುಂಬ ಆಳವಾಗಿದೆ" ಎಂದೂ ಹೇಳಿಬಿಟ್ಟೆ.

"ಮುಕ್ಕಾಲು ಇಂಚು" ಎಂದರು ಅವರು.

ಒಳಕೋಣೆಯಲ್ಲಿ ಯಾರೋ ನಕ್ಕರು. ಚಿತ್ರ ಬರೆಯುವವರು ಅವರು, ಇವರ ಅಕ್ಕ. ತಮ್ಮನ ಕೆಲಸ ಚೌಕಟ್ಟು ಕಟ್ಟುವುದು.

ಊರಿನ ಕಲಾವಿದರ ಸಂಘದಲ್ಲಿ ನನಗೆ ಕೆಲಸ. ಇಪ್ಪತ್ತಮೂರು ಜನರ ಚಿತ್ರಗಳ ಫೋಟೊ ತೆಗೆಯುವುದು, ವೆಬ್‌ಸೈಟಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಟ ಮಾಡುವುದು, ಆನ್‌ಲೈನಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಬರೆಯುವುದು. ತಿಂಗಳಿಗೊಂದು ಭಾನುವಾರ ಒಬ್ಬ ಕಲಾವಿದರ ಸ್ಟುಡಿಯೊ ಜನರಿಗಾಗಿ ತೆರೆದಿರುತ್ತದೆ. ಜನ ಬರುವಂತೆ ಮಾಡುವುದು ನನ್ನ ಹೊಣೆ. ಇನ್ನು ಮೂರು ತಿಂಗಳಿಗೆ ಅಕ್ಕನ ಸರದಿ ಬರುವುದಿತ್ತು.

ಅಕ್ಕನಿಗೆ ಐವತ್ತರ ಹತ್ತಿರ. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಹೋಗಿತ್ತು. ಅದು ಈಗ ಮಡಿಲಲ್ಲಿ, ಯಾರೋ ಇಟ್ಟು ಮರೆತ ವಸ್ತುವಿನ ಹಾಗೆ ಇರುತ್ತಿತ್ತು. ಮಾತು ಒಂದೊಂದಾಗಿ ಬರುತ್ತಿತ್ತು. ಎಡಗೈಯಲ್ಲಿ ಹೊಸದಾಗಿ ಬರೆಯಲು ಕಲಿತಿದ್ದರು. ಬರೆಯುತ್ತಿದ್ದದ್ದು ಒಂದನ್ನೇ: ಒಗೆದು ಒಣಹಾಕಿದ ಬಟ್ಟೆ. ತಾರಸಿಯ ಮೇಲಿನ ಹಗ್ಗ, ಬಾಲ್ಕನಿಯ ಕಂಬಿ, ಮೆಟ್ಟಿಲ ಕಟಕಟೆ, ಎಲ್ಲೆಲ್ಲೂ ಬಟ್ಟೆ.

ಪ್ರತಿ ಗುರುವಾರ ಹೋಗುತ್ತಿದ್ದೆ. ಚಿತ್ರಕ್ಕೆ ಗಾಜು ಹಾಕಿದ್ದರೆ ಫೋಟೊದಲ್ಲಿ ಎದುರಿನ ಕಿಟಕಿಯೆಲ್ಲ ಮೂಡುತ್ತದೆ. ಹಾಗಾಗದಿರಲು ತಮ್ಮ ನನ್ನ ಬೆನ್ನ ಹಿಂದೆ ಕಪ್ಪು ಬಟ್ಟೆಯೊಂದನ್ನು ಎರಡೂ ಕೈ ಚಾಚಿ ಹಿಡಿದು ನಿಲ್ಲುತ್ತಿದ್ದರು.

"ಎಡಗಡೆ ಒಂದು ನೂಲು ಇಳಿಸಿ" ಎನ್ನುವರು. ಇಂಚಿನ ಎಂಟನೇ ಒಂದು ಪಾಲು ಅವರಿಗೆ ಬರಿಗಣ್ಣಿಗೆ ಕಾಣುತ್ತಿತ್ತು. ನಾನು ಫೋನ್ ಇಳಿಸುತ್ತಿದ್ದೆ.

ಒಂದು ಗುರುವಾರ ಗಾಜಿನೊಳಗೆ, ಅಕ್ಕ ಬರೆದ ಬಿಳಿ ಅಂಗಿಯ ಮೇಲೆ, ನನ್ನ ಮುಖವಿತ್ತು. ಅದರ ಹಿಂದೆ ಅವರದು. ಅವರು ಚಿತ್ರವನ್ನು ನೋಡುತ್ತಿರಲಿಲ್ಲ.

"ನಾನು ಕಾಣ್ತಿದೀನಾ?"

"ಕಾಣ್ತಿದೀರ."

"ಪಕ್ಕಕ್ಕೆ ಸರೀಬೇಕಾ?"

"ಒಂದು ನಿಮಿಷ ಇರಿ" ಎಂದೆ. ಅವರು ಇದ್ದರು. ಆ ಫೋಟೊ ಮಾತ್ರ ನಾನು ತೆಗೆಯಲಿಲ್ಲ.

ಇನ್ನೊಂದು ಮಧ್ಯಾಹ್ನ ಅಕ್ಕ ನಿದ್ದೆ ಹೋಗಿದ್ದರು. ತಮ್ಮ ಚೌಕಟ್ಟಿಗೆ ಉಪ್ಪುಕಾಗದ ತಿಕ್ಕುತ್ತಿದ್ದರು. ನಾನು ಯಾಕೋ ಕೇಳಿಬಿಟ್ಟೆ, ಮದುವೆ ಯಾಕಾಗಲಿಲ್ಲ ಎಂದು. ಕಾಗದ ತಿಕ್ಕುವ ಸದ್ದು ನಿಂತಿತು.

"ಮದುವೆ ಗೊತ್ತಾಗಿತ್ತು. ಅಕ್ಕನಿಗೆ ಹೀಗಾದ ಮೇಲೆ ಆ ಹುಡುಗಿ, ಅವರನ್ನ ಬೇರೆ ಎಲ್ಲಾದರೂ ಇಡೋದಾದ್ರೆ ಸರಿ ಅಂದಳು. ಬೇಡ ಅಂದೆ. ಅಕ್ಕನ ಹತ್ರ, ನನಗೇ ಹುಡುಗಿ ಹಿಡಿಸಲಿಲ್ಲ ಅಂತ ಹೇಳಿದೀನಿ. ಅಕ್ಕನಿಗೆ ನಿಜ ಗೊತ್ತಿಲ್ಲ." ಮತ್ತೆ ತಿಕ್ಕತೊಡಗಿದರು. "ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಬೇಕು ಅನ್ನಿಸ್ತು."

ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಆ ಮಾತನ್ನೇ ಊರಿಗೆಲ್ಲ ಹಂಚಿದವಳೂ ನಾನೇ.

ಅಕ್ಕನ ಸರದಿಯ ಭಾನುವಾರಕ್ಕೆ ಹತ್ತು ದಿನ ಉಳಿದಿತ್ತು. ಅಕ್ಕನ ಪುಟವನ್ನು ನೋಡಿದವರು ಮೂವತ್ತೊಂದು ಜನ, ಅದರಲ್ಲಿ ನಾನೇ ನಾಲ್ಕೈದು ಸಲ. ಸಂಘದ ಮ್ಯಾನೇಜರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ಬರೀ ಬಟ್ಟೆ ಯಾರು ನೋಡ್ತಾರಮ್ಮ? ಇದರ ಹಿಂದೆ ಏನಾದರೂ ಕಥೆ ಇರಬೇಕಲ್ಲ, ಅದನ್ನ ಹಾಕು" ಎಂದರು. ಯಾರೂ ಬರದ ಸ್ಟುಡಿಯೊದಲ್ಲಿ ಅಕ್ಕ ಹೊಸ ಬಟ್ಟೆ ಉಟ್ಟು ಕೂತಿರುವುದು ಕಣ್ಣ ಮುಂದೆ ಬಂತು. ಅದನ್ನು ತಡೆಯಬೇಕೆಂದು ಬರೆದೆ. ಕೈಕೊಟ್ಟ ಬಲಗೈ, ಕಲಿತ ಎಡಗೈ, ಅಕ್ಕನಿಗಾಗಿ ಮದುವೆಯನ್ನೇ ಬಿಟ್ಟ ತಮ್ಮ. ಬರೆಯುವಾಗ ನನ್ನ ಕಣ್ಣೂ ತುಂಬಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಿತು. ಕೇಳಿದರೆ ಬೇಡವೆನ್ನುತ್ತಾರೆ ಎಂದೂ ಹೊಳೆಯಿತು. ಕೇಳಲಿಲ್ಲ.

ಎರಡೇ ದಿನದಲ್ಲಿ ನಲವತ್ತು ಸಾವಿರ ಜನ ಓದಿದರು. ಅಕ್ಕನಿಗೂ ತಮ್ಮನಿಗೂ ಆನ್‌ಲೈನಿನ ಗೋಜಿರಲಿಲ್ಲ. "ಭಾನುವಾರ ಜನ ಬರ್ತಾರೆ" ಎಂದಷ್ಟೇ ತಮ್ಮನಿಗೆ ಹೇಳಿದೆ. ಅವರು ಖುಷಿಯಾಗಿ ಇಪ್ಪತ್ತು ಕುರ್ಚಿ ಹೊಂದಿಸಿದರು.

ಬಂದವರು ಇನ್ನೂರಕ್ಕೂ ಮೇಲೆ. ಮೆಟ್ಟಿಲಿನ ತನಕ ಸಾಲು. ಕೋಣೆ ತುಂಬಿದ ಮೇಲೆ ನನಗೆ ಮೊದಲು ಕಂಡದ್ದು ಬೆನ್ನುಗಳು. ಜನ ಚಿತ್ರಗಳಿಗೆ ಬೆನ್ನು ಹಾಕಿ ಅಕ್ಕನನ್ನು ನೋಡುತ್ತಿದ್ದರು. ಅಕ್ಕನ ಬಲಗೈಯ ಫೋಟೊ ತೆಗೆಯುತ್ತಿದ್ದರು. ಒಬ್ಬ ಹೆಂಗಸು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ನಿಮಗೋಸ್ಕರ ಗೊತ್ತಾದ ಸಂಬಂಧಾನೇ ಬಿಟ್ಟರಂತಲ್ಲ ನಿಮ್ಮ ತಮ್ಮ. ಇಂಥ ತಮ್ಮ ಯಾರಿಗೆ ಸಿಗ್ತಾರೆ" ಎಂದು ಕಣ್ಣೊರೆಸಿಕೊಂಡಳು.

ಅಕ್ಕ ತಮ್ಮನ ಕಡೆ ತಿರುಗಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಮೆಲ್ಲನೆ ಬಿಡಿಸಿಕೊಂಡು ಎದ್ದು ಒಳಗೆ ಹೋದರು. ಚಿಲಕ ಹಾಕಿದ ಸದ್ದು ಕೇಳಿಸಿತು.

ಜನರನ್ನೆಲ್ಲ ಕಳಿಸಿದ ಮೇಲೆ ಅವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಅದನ್ನ ನಿಮಗೆ ಮಾತ್ರ ಹೇಳಿದ್ದು" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೇ ಬರಹವನ್ನು ತೆಗೆದುಹಾಕಿದೆ. ಹಂಚಿಕೊಂಡವರಿಗೆಲ್ಲ ಅಳಿಸಿ ಎಂದು ಒಬ್ಬೊಬ್ಬರಿಗೇ ಬರೆದೆ. ಕೆಲವರು ಅಳಿಸಿದರು, ಕೆಲವರು ನನಗೇ ಬುದ್ಧಿ ಹೇಳಿದರು. ಮ್ಯಾನೇಜರ್ ತಲೆ ಚಚ್ಚಿಕೊಂಡು, ಕೈಗೆ ಬಂದದ್ದನ್ನು ಹೀಗೆ ಯಾರಾದರೂ ಬಿಸಾಡುತ್ತಾರಾ ಎಂದರು. ತಪ್ಪು ನನ್ನದು, ಅದು ನನಗೆ ನಂಬಿ ಹೇಳಿದ ಮಾತು, ಸಂಘದ್ದಲ್ಲ ಎಂದೆ.

ಗುರುವಾರ ಬೆಳಿಗ್ಗೆ ಹೋದೆ. ಬಾಗಿಲು ತೆರೆದ ಅವರು ಒಂದು ಮಾತೂ ಆಡದೆ ದಾರಿ ಬಿಟ್ಟರು. ಅಕ್ಕನ ಕೋಣೆಯಲ್ಲಿ ಕುಂಚಗಳೆಲ್ಲ ತೊಳೆದು ಒಣಗಿದ್ದವು. ಮಂಚದ ಮೇಲೆ ತೆರೆದ ಸೂಟ್‌ಕೇಸ್.

"ಚಿಕ್ಕಮ್ಮನ ಮನೆಗೆ... ಹೋಗ್ತೀನಿ" ಎಂದರು ಅಕ್ಕ. "ನಾನಿದ್ರೆ... ತಮ್ಮನಿಗೆ ದಾರಿ ಇಲ್ಲ."

"ನನ್ನಿಂದ ತಪ್ಪಾಯ್ತು ಅಕ್ಕ."

"ಆಯ್ತು" ಎಂದರು. ಸುಮ್ಮನೆ ಒಪ್ಪಿದರು ಅಷ್ಟೆ, ಸಮಾಧಾನ ಹೇಳಲಿಲ್ಲ. ಆಮೇಲೆ ಕೇಳಿದರು, "ನೀನು... ನೋಡಿದೀಯಾ? ಚಿತ್ರ?"

"ನೋಡಿದೀನಿ."

"ಏನ್ ನೋಡಿದೆ? ಪಾಪ ಅನ್ನಬೇಡ. ಸುಳ್ಳು... ಬೇಡ."

ಮೂರು ತಿಂಗಳಿಂದ ನೋಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಬರೆದೂ ಇರಲಿಲ್ಲ. ಈಗ ಹೇಳಿದೆ. "ನಿಮ್ಮ ಹಳೇ ಚಿತ್ರಗಳಲ್ಲಿ ಗೆರೆ ನೆಟ್ಟಗಿದೆ, ಬಟ್ಟೆ ಸುಮ್ಮನೆ ನೇತಾಡುತ್ತೆ. ಈಗ ಗೆರೆ ನಡುಗುತ್ತಲ್ಲ, ಅದಕ್ಕೇ ಗಾಳಿ ಬಂದಿದೆ. ಆ ಬಿಳಿ ಅಂಗಿ ಹಗ್ಗದಿಂದ ಇನ್ನೇನು ಹಾರಿಹೋಗುತ್ತೆ ಅನ್ಸುತ್ತೆ. ಪ್ರತಿ ಸಲ ನೋಡಿದಾಗಲೂ ಕೈ ಮುಂದೆ ಹೋಗುತ್ತೆ ನಂಗೆ, ಹಿಡಿಯೋಕೆ."

ಅಕ್ಕ ನನ್ನ ಮುಖ ನೋಡಿದರು.

"ಇದನ್ನ... ಯಾಕೆ ಬರೀಲಿಲ್ಲ?"

ನಾನು ಕೈಯಲ್ಲಿದ್ದ ಫೋನನ್ನು ಬ್ಯಾಗಿಗೆ ಹಾಕಿದೆ.

"ನಾನು ಹೋದ್ರೆ ಅವನು ಮದುವೆ ಆಗ್ತಾನೆ" ಎಂದರು ಮತ್ತೆ.

"ಯಾರನ್ನ?"

"ಗುರುವಾರ... ಗುರುವಾರ ಮಾತ್ರ ಗಡ್ಡ ಬೋಳಿಸ್ತಾನೆ. ನನಗೆ ಕೈ ಹೋಗಿದೆ. ಕಣ್ಣಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೂಟ್‌ಕೇಸಿನ ಪಕ್ಕ ಕೂತೆ. "ಅವರು ನನ್ನ ಜೊತೆ ಮಾತು ಬಿಟ್ಟಿದಾರೆ ಅಕ್ಕ. ಅದು ಹೇಗೂ ಇರಲಿ. ನೀವು ಈ ಮನೆ ಬಿಟ್ಟು ಹೋದರೆ ನಾನಂತೂ ಮತ್ತೆ ಈ ಮೆಟ್ಟಿಲು ಹತ್ತಲ್ಲ. ನಿಮ್ಮನ್ನ ಆಚೆ ಕಳಿಸಿ ಸಿಗೋದು ನನಗೆ ಬೇಡ."

ನಾನು ಹೊರಡುವಾಗ ಅಕ್ಕ ಕಷ್ಟಪಟ್ಟು, ಒಂದೇ ಕೈಯಲ್ಲಿ, ಸೂಟ್‌ಕೇಸಿನಿಂದ ಒಂದು ಸೀರೆ ಆಚೆ ತೆಗೆಯುತ್ತಿದ್ದರು. ನೆರವಿಗೆ ಹೋಗಲು ಧೈರ್ಯ ಬರಲಿಲ್ಲ. ನಡುಮನೆಯಲ್ಲಿ ತಮ್ಮ ನಿಂತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು.

ಹೊಸ ಪುಟವನ್ನು ಅಕ್ಕನ ಪಕ್ಕದಲ್ಲೇ ಕೂತು ಮಾಡಿದೆ. ಒಂದು ಚಿತ್ರಕ್ಕೆ ಒಂದು ಸಣ್ಣ ವಿಡಿಯೊ. ಫೋನ್ ಈ ಅಂಚಿನಿಂದ ಆ ಅಂಚಿಗೆ ನಿಧಾನ ಸರಿಯುತ್ತದೆ, ಹಾಡಿಲ್ಲ, ಕಥೆಯಿಲ್ಲ. ಕೆಳಗೆ ಅಕ್ಕ ಹೇಳಿದ ಒಂದೊಂದೇ ಸಾಲು. "ಇದು ಮೂರನೇ ಮಹಡಿ. ಗಾಳಿ ಜಾಸ್ತಿ." ಒಂದು ಸಾಲಿಗೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅಕ್ಕ ಹೂಂ ಎನ್ನದೆ ನಾನು ಒಂದಕ್ಷರವನ್ನೂ ಹಾಕಲಿಲ್ಲ. ಕಪ್ಪು ಬಟ್ಟೆ ಹಿಡಿಯಲು ತಮ್ಮ ಬಂದು ನಿಲ್ಲುತ್ತಿದ್ದರು. ಗಾಜಿನಲ್ಲಿ ಕಣ್ಣು ಕೂಡಿದರೆ ಇಬ್ಬರೂ ತಪ್ಪಿಸಿಕೊಳ್ಳುತ್ತಿದ್ದೆವು.

ಎರಡು ತಿಂಗಳ ಮೇಲೆ ಮತ್ತೊಂದು ಭಾನುವಾರ, ಸಂಘದ ಸರದಿ ಇಲ್ಲದಿದ್ದರೂ, ನಾವೇ ಬಾಗಿಲು ತೆರೆದೆವು. ಹದಿನೇಳು ಜನ ಬಂದರು. ಹೆಚ್ಚು ಮಾತಿರಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆ ಕೂತು ಬಂದ ಮುದುಕರೊಬ್ಬರು ಬಿಳಿ ಅಂಗಿಯ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಕೊನೆಗೆ ಅಕ್ಕನ ಹತ್ತಿರ ಬಂದು, "ಅಂಗಿಗೆ ಕ್ಲಿಪ್ ಹಾಕೋದು ಮರೆತಿದೀರ" ಎಂದರು. ಅಕ್ಕನ ಅರ್ಧ ಮುಖ ಅರಳಿತು.

ಎಲ್ಲರೂ ಹೋದ ಮೇಲೆ ನಾನು ಚೌಕಟ್ಟಿನ ಕೋಣೆಯಲ್ಲಿ ಬ್ಯಾಗು ತೆಗೆದುಕೊಳ್ಳುತ್ತಿದ್ದೆ. ಅವರು ಬಂದು ಮೇಜಿನ ಆ ಕಡೆ ನಿಂತರು. ಅವತ್ತು ಭಾನುವಾರ, ಆದರೂ ಗಡ್ಡ ಬೋಳಿಸಿದ್ದರು.

"ಸಿಟ್ಟು ಪೂರ್ತಿ ಹೋಗಿಲ್ಲ" ಎಂದರು.

"ಗೊತ್ತು."

"ನಿಮಗೆ ಏನಾದರೂ ಹೇಳೋಕೆ ಈಗ ಹೆದರಿಕೆ ಆಗುತ್ತೆ." ಮೇಜಿನ ಮೇಲಿನ ಮರದ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದರು, ಮತ್ತೆ ಇನ್ನೊಂದು ಕಡೆ. "ಹೇಳದೆ ಇರೋಣ ಅಂತ ಎರಡು ತಿಂಗಳು ನೋಡಿದೆ. ಆಗ್ತಿಲ್ಲ."

"ಹೆದರಿಕೆ ಹೋಗೋ ತನಕ ಕಾಯ್ತೀನಿ. ಎಷ್ಟು ದಿನ ಆದರೂ" ಎಂದೆ.

ಅವರು ಮೇಜನ್ನು ಸುತ್ತಿ ಈ ಕಡೆ ಬಂದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೆಳಗಿಟ್ಟರು. ಆಮೇಲೆ ನನ್ನ ಕೈ ಹಿಡಿದು, ಮೊದಲ ಸಲ 'ನೀನು' ಎಂದು ಕರೆದು, ಎರಡೇ ಎರಡು ಮಾತು ಹೇಳಿದರು. ನಾನು ಹೂಂ ಎಂದೆ.

ಒಳಗೆ ಹೋದಾಗ ಅಕ್ಕ ಕಿಟಕಿಯ ಪಕ್ಕ ಕೂತು ಕುಂಚ ಒರೆಸುತ್ತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ಏನಂದ?"

"ಹೇಳಲ್ಲ ಅಕ್ಕ. ಅದು ನನಗೆ ಮಾತ್ರ ಹೇಳಿದ್ದು."

ಅಕ್ಕ ಪಕ್ಕದ ಸ್ಟೂಲನ್ನು ಎಡಗೈಯಿಂದ ನನ್ನ ಕಡೆಗೆ ಎಳೆದರು.

"ಅಂತೂ... ಬುದ್ಧಿ ಬಂತು" ಎಂದರು. "ಕೂತ್ಕೋ."