ಕರಡಿ ಕೋಣೆಯ ಬಾಗಿಲು

ಡಾಕ್ಟರ ತಂಗಿ ನಮ್ಮ ಮನೆಗೆ ಬಂದಾಗ ಅತ್ತಿಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಬಂದವಳು ಕುರ್ಚಿಯ ತುದಿಯಲ್ಲಿ ಕೂತು ನೇರವಾಗಿ ವಿಷಯಕ್ಕೆ ಬಂದಳು.

“ಅಕ್ಕ, ನಮ್ಮಣ್ಣನ್ನ ಯಾರೋ ಕರಡಿ ಕೋಣೇಲಿ ಕೂಡಿ ಹಾಕಿದಾರೆ. ಬಾಗಿಲು ತಾನಾಗೇ ಬಿತ್ತು ಅಂತ ಎಲ್ಲರೂ ಒಂದೇ ರಾಗ ಹಾಡ್ತಿದಾರೆ. ನನಗೆ ನಂಬಿಕೆ ಇಲ್ಲ.”

ಅತ್ತಿಗೆ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಿಂದ ನಿವೃತ್ತರಾದವರು. ನಾನು ಅವರ ಮೈದುನ. ಕಾರು ಓಡಿಸುವುದು, ಕೇಳಿದಾಗ ಹೂಂಗುಟ್ಟುವುದು ನನ್ನ ಪಾಲಿನ ಕೆಲಸ. ಇಂಥ ಅತಿಥಿ ಬಂದರೆ ಅವತ್ತಿನ ಅಡುಗೆ ತನ್ನ ತಲೆಗೇ ಎಂದು ಅಣ್ಣನಿಗೆ ಚೆನ್ನಾಗಿ ಗೊತ್ತು. ಅವನು ಆಗಲೇ ಈರುಳ್ಳಿ ಹುಡುಕಲು ಎದ್ದಿದ್ದ.

ತಂಗಿ ಹೇಳಿದ್ದು ಇಷ್ಟು. ಅವಳ ಅಣ್ಣ ಪಶುವೈದ್ಯ. ಪರವಾನಗಿ ಪಡೆದು ಪ್ರಾಣಿ ಸಾಕುವ ಕೇಂದ್ರಗಳು ಅವುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ನಿಯಮ ಬರೆಯಲು ಸರ್ಕಾರ ಮಾಡಿದ ಸಮಿತಿಗೆ ಅಧ್ಯಕ್ಷ. ಸಮಿತಿ ಒಂದು ಖಾಸಗಿ ಮೃಗವನ ನೋಡಲು ಹೋಗಿತ್ತು. ಕರಡಿಯನ್ನು ಹೊರಗಿನ ಅಂಗಳಕ್ಕೆ ಬಿಟ್ಟು ಅದರ ಕೋಣೆ ತೊಳೆದಿಟ್ಟಿದ್ದರು. ಮಧ್ಯಾಹ್ನ ಡಾಕ್ಟರು ಒಬ್ಬರೇ ಅದನ್ನು ಅಳೆಯುತ್ತಿದ್ದಾಗ ಬಾಗಿಲು ಮುಚ್ಚಿತು. ಉಳಿದವರು ಜೀಪಿನಲ್ಲಿ ಸಿಂಹಗಳನ್ನು ನೋಡಲು ಹೋಗಿ ಅಲ್ಲೇ ಸಿಕ್ಕಿಕೊಂಡರು. ಅವರು ಹಿಂತಿರುಗುವಷ್ಟರಲ್ಲಿ ಡಾಕ್ಟರು ತಗಡಿನ ಸೂರಿನಡಿ ಪ್ರಜ್ಞೆ ತಪ್ಪಿ ಬಿದ್ದಿದ್ದರು.

ನಾವು ಮೊದಲು ಆಸ್ಪತ್ರೆಗೆ ಹೋದೆವು. ಡಾಕ್ಟರ ತುಟಿ ಇನ್ನೂ ಒಡೆದಿತ್ತು.

“ಒಳಗೆ ನೀರಿನ ಪಾತ್ರೆ ಇಲ್ಲ ಅಂತ ಮಾಲೀಕನ್ನ ಬೈಕೊಂಡೇ ಅಳೀತಿದ್ದೆ,” ಎಂದರು ಅವರು. “ಬಾಗಿಲಿಗೆ ಬೆನ್ನು ಮಾಡಿದ್ದೆ. ಕತ್ತಲಾಯ್ತು. ಸದ್ದಿಲ್ಲ, ಸಪ್ಪಳ ಇಲ್ಲ. ಬಡಿದೆ, ಕೂಗಿದೆ. ಫೋನು ಗೇಟಲ್ಲೇ ತಗೊಂಡಿದ್ರು. ಗಂಟಲು ಒಣಗಿದ ಮೇಲೆ ಗೋಡೆ ತಡವ್ತಾ ಹೋದ್ರೆ ಒಂದು ಕಬ್ಬಿಣದ ಬಳೆ, ಅದರೊಳಗೆ ಪಾತ್ರೆ ತುಂಬ ನೀರು. ಅದು ಸಿಗದಿದ್ರೆ ನಾನು ಉಳೀತಿರಲಿಲ್ಲ.”

ಮಂಚದ ಪಕ್ಕ ಸಮಿತಿಯ ಇಬ್ಬರು ಸದಸ್ಯರಿದ್ದರು. ಒಬ್ಬರು ಪ್ರಾಣಿಗಳ ಪರ ವಾದಿಸುವ ವಕೀಲೆ. ಬೆರಳಿಗೆ ಪಟ್ಟಿ ಸುತ್ತಿದ್ದರಿಂದ ಕಿತ್ತಳೆ ಸುಲಿಯಲು ಒದ್ದಾಡುತ್ತಿದ್ದರು. ಇನ್ನೊಬ್ಬರು ಸರ್ಕಾರದ ಅಧಿಕಾರಿ. ಏನು ಕೇಳಿದರೂ ‘ನೋಡೋಣ’ ಎನ್ನುವ ಅವರಿಗೆ ಇಲಾಖೆಯಲ್ಲಿ ‘ನೋಡೋಣ ಸಾಹೇಬ’ ಎಂದೇ ಹೆಸರು.

“ಸಮಿತಿಯಲ್ಲಿ ಜಗಳ ಇತ್ತಾ?” ಅತ್ತಿಗೆ ಸಾಹೇಬರನ್ನು ಹೊರಗೆ ಕರೆದು ಕೇಳಿದರು.

“ಜಗಳ ಇಲ್ಲದ ದಿನ ಯಾವುದಮ್ಮ? ಈ ವಕೀಲಮ್ಮ ನೀರಿನ ಪಾತ್ರೆ ಮೇಲೇ ಒಂದು ಬೆಳಗ್ಗೆ ಪೂರ್ತಿ ವಾದ ಮಾಡಿದ್ರು. ಪ್ರಾಣಿ ಉರುಳಿಸ್ದೇ ಇರೋ ಹಾಗೆ ಗೋಡೆಗೆ ಬಳೆ ಹಾಕಿ ಅದರಲ್ಲಿಡಬೇಕಂತೆ. ಅದಕ್ಕೆ ಒಪ್ಪಿಕೊಂಡ್ವಿ. ಆದ್ರೆ ತಗಡಿನ ಸೂರು ಬೇಡ, ಒಳಗಿನ ಬಿಸಿಗೆ ಮಿತಿ ಇರಲಿ ಅನ್ನೋ ಅವರ ಇನ್ನೊಂದು ನಿಯಮ ಮಾತ್ರ ಡಾಕ್ಟರೇ ಹೊಡೆದುಹಾಕಿದ್ರು. ಕಟ್ಟಡ ಎಲ್ಲಾ ಬದಲಾಯಿಸಿ ಅಂದ್ರೆ ಮಾಲೀಕರು ಕೋರ್ಟಿಗೆ ಹೋಗ್ತಾರೆ ಅಂತ.”

ಮೃಗವನದ ಮಾಲೀಕ ನಮ್ಮನ್ನು ಕಂಡೊಡನೆ ಕೈ ಹಿಸುಕಿಕೊಂಡ. “ಅಮ್ಮ, ನನ್ನ ಪರವಾನಗಿ ಇವರ ಕೈಯಲ್ಲಿದೆ. ಇವರನ್ನೇ ಬೋನಿಗೆ ಹಾಕೋಕೆ ನನಗೇನು ಹುಚ್ಚೇ?”

ಕರಡಿ ಕೋಣೆಗೆ ಮೇಲಿಂದ ಇಳಿಯುವ ಕಬ್ಬಿಣದ ಬಾಗಿಲು. ಹೊರಗಿನ ಓಣಿಯಲ್ಲಿ ನಿಂತು ಸರಪಳಿ ಎಳೆದರೆ ಏಳುತ್ತದೆ. ಸರಪಳಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿದರೆ ಅಲ್ಲೇ ನಿಲ್ಲುತ್ತದೆ. ಕರಡಿಯನ್ನು ಅಂಗಳಕ್ಕೆ ಕಳಿಸಿ ಅತ್ತಿಗೆ ನನ್ನ ಕಡೆ ನೋಡಿದರು.

“ನೀನು ಒಳಗೆ ಹೋಗಿ ಗೋಡೆ ಕಡೆ ತಿರುಗಿ ನಿಲ್ಲು.”

ನಾನು ನಿಂತೆ. ಸರಪಳಿ ಕೊಕ್ಕೆಯಿಂದ ಜಾರಿತು. ಬಾಗಿಲು ಬಿದ್ದ ಸದ್ದಿಗೆ ಹಲ್ಲುಗಳು ಅದುರಿದವು. ಮತ್ತೆ ಎತ್ತಿ, ಈ ಸಲ ಕೈಯಲ್ಲಿ ಹಿಡಿದು ನಿಧಾನವಾಗಿ ಬಿಟ್ಟರು. ಆಗ ನೆಲದ ಬೆಳಕು ಕುಗ್ಗುತ್ತಾ ಹೋಗಿ ಆರಿತು, ಅಷ್ಟೇ. ಕ್ಷಣ ಕಳೆಯುವಷ್ಟರಲ್ಲಿ ನೆತ್ತಿಯ ಮೇಲೆ ಕಾದ ಹೆಂಚಿಟ್ಟಂತಾಯಿತು. ಉಸಿರು ಎಳೆದರೆ ಒಳಗೆ ಬಂದದ್ದು ನಾನು ಆಗಷ್ಟೇ ಬಿಟ್ಟ ಉಸಿರೇ. ಬಾಗಿಲು ತಡವಿದೆ, ಹಿಡಿಯಲು ಒಂದು ಅಂಚೂ ಇಲ್ಲ. ಹೊರಗಿರುವುದು ನನ್ನ ಅತ್ತಿಗೆಯೇ ಎಂದು ಗೊತ್ತಿದ್ದೂ ನಾನು ಬಡಿದೆ.

ಬಾಗಿಲು ಎದ್ದ ಮೇಲೆ ಅವರು ನನ್ನ ಬೆನ್ನು ಸವರಿದರು. ಆಮೇಲೆ ಊಟ ತಳ್ಳುವ, ಹೊರಗಿಂದ ಮುಚ್ಚಳವಿರುವ ಕಿಂಡಿಯ ಪಕ್ಕದ ಬಳೆ ತೋರಿಸಿ, “ಇದು ಯಾಕೆ?” ಎಂದರು.

“ಹಗ್ಗ ಕಟ್ಟೋಕಿರಬೇಕು, ಹಳೇ ಕಾಲದ್ದು,” ಎಂದ ಮಾಲೀಕ.

“ನಾನಂತೂ ನೀರು ನೆಲದ ಮೇಲೇ ಇಡೋದು,” ಎಂದ ಕರಡಿ ನೋಡಿಕೊಳ್ಳುವವ. “ಆ ಬಳೆ ತುಕ್ಕು ಹಿಡಿದು ಬ್ಲೇಡಾಗಿದೆ. ಅವತ್ತು ತೊಳೆದ ಪಾತ್ರೆ ಎಲ್ಲಾ ನಲ್ಲಿ ಹತ್ರ ಬೋರಲು ಹಾಕಿ ಜಿಂಕೆಗೆ ಸೊಪ್ಪು ಹಾಕೋಕೆ ಹೋದೆ.” ನೆಲದ ಮೂಲೆಯಲ್ಲಿ ಪಾತ್ರೆಯ ದುಂಡನೆಯ ಕಲೆ ಅವನ ಮಾತಿಗೆ ಸಾಕ್ಷಿಯಾಗಿತ್ತು. ನಲ್ಲಿ ಓಣಿಯ ಬಾಯಲ್ಲೇ ಇತ್ತು.

“ಜೀಪು ಹೊರಡೋ ಮುಂಚೆ ಯಾರು ಎಲ್ಲಿದ್ರು?”

“ನಾನು ಜೀಪು ತರೋಕೆ ಹೋಗಿದ್ದೆ. ಸಾಹೇಬರು ಶೌಚಾಲಯದಲ್ಲಿದ್ರು. ವಕೀಲಮ್ಮ ನಲ್ಲೀಲಿ ಕೈ ತೊಳೀತಿದ್ರು,” ಎಂದ ಮಾಲೀಕ. “ಡಾಕ್ಟರು ಅಳತೆ ಮುಗಿಸಿ ಅತಿಥಿ ಕೋಣೆಗೆ ಹೋಗ್ತೀನಿ ಅಂದಿದ್ರು. ಅದಕ್ಕೆ ಯಾರೂ ಹುಡುಕಲಿಲ್ಲ. ಸಿಂಹದ ಎರಡು ಅಂಗಳಗಳ ನಡುವೆ ಜೋಡಿ ಗೇಟು. ಹಿಂದಿನದು ಮುಚ್ಚಿತು, ಮುಂದಿನದು ಕಚ್ಚಿಕೊಳ್ತು. ಆಮೇಲೆ ಎರಡೂ ಅಲ್ಲಾಡಲಿಲ್ಲ. ಎರಡೂ ಕಡೆ ಸಿಂಹ, ಇಳಿಯೋ ಹಾಗಿಲ್ಲ. ಪೇಟೆಯಿಂದ ಮೆಕ್ಯಾನಿಕ್ ಬರೋವರೆಗೂ ಬಿಸಿಲಲ್ಲಿ ಬೆಂದ್ವಿ. ವಕೀಲಮ್ಮನಿಗಂತೂ ಕೂತಲ್ಲಿ ಕೂರೋಕಾಗ್ಲಿಲ್ಲ. ಕನ್ನಡಕ ಮರೆತೆ, ವಾಪಸ್ ಹೋಗ್ಬೇಕು ಅಂತಲೇ ಇದ್ರು.”

ಮರುದಿನ ಮಧ್ಯಾಹ್ನ ಅತ್ತಿಗೆ ಎಲ್ಲರನ್ನೂ ಡಾಕ್ಟರ ಮಂಚದ ಸುತ್ತ ಸೇರಿಸಿದರು.

“ಬಾಗಿಲು ತಾನಾಗಿ ಬಿದ್ದಿದ್ರೆ ಸತ್ತವರೂ ಎದ್ದು ಕೂರ್ತಿದ್ರು. ಡಾಕ್ಟರಿಗೆ ಏನೂ ಕೇಳಿಸಲಿಲ್ಲ ಅಂದ್ರೆ ಯಾರೋ ಸರಪಳಿ ಹಿಡಿದು ಮೆಲ್ಲಗೆ ಇಳಿಸಿದಾರೆ,” ಎಂದು ಶುರು ಮಾಡಿದರು. “ಡಾಕ್ಟರು ನೋಡಿದಾಗ ನೀರಿರಲಿಲ್ಲ. ಆಮೇಲೆ ಬಂತು. ಕೂಡಿ ಹಾಕಿದವರೇ ಅವರು ಬಡಿಯೋ ಗದ್ದಲದಲ್ಲಿ ಕಿಂಡಿಯಿಂದ ಕೈ ಹಾಕಿ ಇಟ್ಟಿದಾರೆ. ಬೇರೆಯವರಾಗಿದ್ರೆ ಬಾಗಿಲು ತೆಗೀತಿದ್ರು. ಕೊಲ್ಲೋರು ನೀರು ಕೊಡಲ್ಲ. ಹಾಗಾದ್ರೆ ಸ್ವಲ್ಪ ಹೊತ್ತು ಬಿಸಿ ತಿಳೀಲಿ ಅಂದುಕೊಂಡವರು ಯಾರು?”

ಅತ್ತಿಗೆ ಒಬ್ಬೊಬ್ಬರನ್ನೇ ನೋಡುತ್ತಾ ಹೋದರು.

“ಮಾಲೀಕರಿಗೆ ಆ ಬಳೆ ಯಾಕಿದೆ ಅಂತಲೇ ಗೊತ್ತಿಲ್ಲ. ಕೆಲಸದವನು ಗೊತ್ತಿದ್ದೂ ಅದನ್ನ ಮುಟ್ಟಲ್ಲ. ಸಾಹೇಬರಿಗೆ ಬಳೆ ವಿಷಯ ಗೊತ್ತು, ಆದ್ರೆ ನಿಯಮ ಹೋಗಿದ್ದಕ್ಕೆ ಸಂಕಟ ಇಲ್ಲ. ಆ ಸಂಕಟ ಇದ್ದಿದ್ದು ಒಬ್ಬರಿಗೆ. ನಲ್ಲಿ ಹತ್ರ ಇದ್ದಿದ್ದೂ ಅವರೇ. ವಕೀಲರೇ, ಆ ಬೆರಳು ಕೊಯ್ದಿದ್ದು ಬಳೆಯ ಅಂಚಲ್ಲವಾ?”

ವಕೀಲೆ ಪಟ್ಟಿ ಸುತ್ತಿದ ಬೆರಳನ್ನು ಮುಚ್ಚಿಕೊಳ್ಳಲಿಲ್ಲ.

“ಒಂದು ಕಾಫಿ ಕುಡಿಯೋಷ್ಟು ಹೊತ್ತು ಅಂದ್ಕೊಂಡಿದ್ದೆ,” ಎಂದರು. “ತೆಗೆಯೋಕೆ ಹೊರಟಾಗ ಜೀಪು ಬಂದು ನಿಲ್ತು. ಬರಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಒಂದು ಸುತ್ತು ತಾನೇ ಅಂತ ಹತ್ತಿದೆ. ಗೇಟು ಕಚ್ಚಿಕೊಂಡ ಮೇಲೆ ಒಂದೊಂದು ಕ್ಷಣಾನೂ ಹೇಳಿಬಿಡ್ತೀನಿ ಅಂದ್ಕೊಂಡೆ. ಹೊತ್ತು ಹೋದ ಹಾಗೆ ಹೇಳೋದು ಇನ್ನೂ ಕಷ್ಟ ಆಯ್ತು. ಮಾಲೀಕರು ತಮ್ಮವರ ಜೊತೆ ವಾಕಿಟಾಕೀಲಿ ಮಾತಾಡ್ತಾನೇ ಇದ್ರು. ಒಂದು ಮಾತು ಹೇಳಿದ್ರೆ ಸಾಕಿತ್ತು. ನಾಲಿಗೆ ಏಳಲಿಲ್ಲ.”

ತಂಗಿ ಮುಖ ತಿರುಗಿಸಿ ಕಿಟಕಿಯ ಕಡೆ ನಿಂತಳು. ಡಾಕ್ಟರು ದಿಂಬಿಗೆ ಒರಗಿ ಎದ್ದು ಕೂತರು.

“ನಾನು ದೂರು ಕೊಡ್ತೀನಿ, ವಕೀಲರೇ.”

“ಕೊಡಿ, ಸರ್. ಕೊಡಲೇಬೇಕು.”

“ಬಿಸಿಯ ನಿಯಮಾನೂ ವಾಪಸ್ ಸೇರಿಸ್ತೀನಿ. ನೀವು ಮಾಡಿದ್ದಕ್ಕಲ್ಲ. ಕೋರ್ಟಿಗೆ ಹೆದರಿ ಅದನ್ನ ಹೊಡೆದುಹಾಕಿದ್ದು ನನ್ನ ತಪ್ಪು.” ಅವರು ಮಾಲೀಕನತ್ತ ತಿರುಗಿದರು. “ಕರಡಿ ಈಗ ಎಲ್ಲಿದೆ?”

“ಒಳಗೆ, ಸರ್.”

“ಫೋನ್ ಮಾಡಿ. ಈಗಲೇ.”

ಮಾಲೀಕ ಕೆಲಸದವನಿಗೆ ಫೋನ್ ಮಾಡಿದ. ಅದು ಅಂಗಳಕ್ಕೆ ಬಂದು ಮರದಡಿ ಮಲಗಿತು ಎಂದು ಅತ್ತಲಿಂದ ಕೇಳುವವರೆಗೆ ಡಾಕ್ಟರು ಕಣ್ಣು ಮುಚ್ಚಲಿಲ್ಲ.

ವಕೀಲೆ ತಾವೇ ಠಾಣೆಗೆ ಬರುತ್ತೇನೆಂದರು. ಅತ್ತಿಗೆ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತರು. ಎರಡು ಬೀದಿ ದಾಟಿದ ಮೇಲೆ ವಕೀಲೆ ಮೆಲ್ಲಗೆ ಕೇಳಿದರು: “ಜೀಪಲ್ಲೇ ಬಾಯಿಬಿಟ್ಟಿದ್ರೆ ಏನಾಗ್ತಿತ್ತು, ಮೇಡಂ?”

“ಸ್ವಲ್ಪ ಅವಮಾನ ಆಗ್ತಿತ್ತು,” ಎಂದರು ಅತ್ತಿಗೆ. “ಅಷ್ಟೇ.”