ಒಣ ಉಣ್ಣಿ ಜಗ್ಗಬಾರದು

ತುಕ್ಕಾನಟ್ಟಿಯ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ, ಆ ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಮಾಲಿಂಗಪ್ಪನ ಮನೆಯಲ್ಲಿ ನಡೆದದ್ದನ್ನು ಬಿಡುವ ಹಾಗಿಲ್ಲ. ಆ ಹೊತ್ತಿಗೆ ಸರಿಯಾಗಿ ಅಲ್ಲೊಂದು ಹಣಿಗೆ ಮುರಿಯಿತು.

ಹಣಿಗೆ ಅಂದರೆ ತಲೆ ಬಾಚುವ ಹಣಿಗೆಯೇ. ಹಸಿರು ಬಣ್ಣದ್ದು. ಆ ವರ್ಷದ ನಾಲ್ಕನೆಯದು. ಅರ್ಧ ಕಸ್ತೂರಿಯ ಕೈಯಲ್ಲಿ ಉಳಿಯಿತು. ಇನ್ನರ್ಧ ಅವಳ ಮಗಳು ವಿದ್ಯಾಳ ತಲೆಯೊಳಗೆ ಹೋಯಿತು. ಅದನ್ನು ಹುಡುಕಿ ತೆಗೆಯಲು ಮತ್ತೆ ಐದು ನಿಮಿಷ ಬೇಕಾಯಿತು.

“ಅವ್ವಾ, ಸಾವಕಾಶ,” ಅಂದಳು ವಿದ್ಯಾ. ಕಣ್ಣಲ್ಲಿ ನೀರಿತ್ತು.

“ಸಾವಕಾಶ ಅಂದ್ರ ಹೆಂಗ? ಒಲಿ ಮ್ಯಾಲ ಪಲ್ಲೆ ಐತಿ. ಹೊಲಕ್ಕ ಆಳು ಬಂದು ಕುಂತಾರ. ನಿನ್ನ ಸಾಲಿ ಗಂಟಿ ಆಗಾಕತ್ತೈತಿ. ನಿನ್ನ ತಲಿ ನೋಡಿದ್ರ ಅಂಗಡ್ಯಾಗಿನ ಹಣಿಗಿ ಸೈತ ಅಂಜತಾವ.”

ವಿದ್ಯಾಳದು ಗುಂಗುರು ಕೂದಲು. ತುದಿಯಲ್ಲಿ ಅಂದಕ್ಕೆ ಒಂದೆರಡು ಸುರುಳಿ ಇರುತ್ತವಲ್ಲ, ಆ ಜಾತಿಯದಲ್ಲ. ಬುಡದಿಂದಲೇ ಸುತ್ತಿಕೊಂಡು ಹೊರಟದ್ದು. ಒದ್ದೆ ಇದ್ದಾಗ ಹೆಗಲು ದಾಟಿ ಬರುತ್ತಿತ್ತು. ಒಣಗಿತೆಂದರೆ ಕಿವಿಯ ಹತ್ತಿರ ಹೋಗಿ ಕೂತುಬಿಡುತ್ತಿತ್ತು.

ಮೂರನೆಯ ತರಗತಿಯವರೆಗೆ ಬಾಯ್ ಕಟ್ ಇತ್ತು. ಆಮೇಲೆ ಅವಳೇ ಹಟ ಹಿಡಿದು ಬೆಳೆಸಲು ಶುರು ಮಾಡಿದ್ದಳು. ಐದನೆಯ ತರಗತಿಯ ಹದಿನಾಲ್ಕು ಹುಡುಗಿಯರಲ್ಲಿ ಹದಿಮೂರು ಮಂದಿಗೆ ಕೆಂಪು ರಿಬ್ಬನ್ನಿನ ಎರಡೆರಡು ಜಡೆ ಇದ್ದವು. ಅವರಿಗೆ ಸಿಟ್ಟು ಬಂದರೆ ಜಡೆಯನ್ನು ಹಿಂದಕ್ಕೆ ಒಗೆಯುತ್ತಿದ್ದರು. ವಿದ್ಯಾಳಿಗೆ ಸಿಟ್ಟು ಬಂದರೆ ಒಗೆಯಲು ಏನೂ ಇರಲಿಲ್ಲ.

ಕಸ್ತೂರಿ ಮುರಿದ ಹಣಿಗೆಯನ್ನು ಕಿಟಕಿಯ ಮೇಲಿಟ್ಟಳು.

“ಎಂಟ ದಿನಾ ಕೊಟ್ಟೇನಿ ನೋಡು. ಮುಂದಿನ ಸೋಮವಾರ ಎರಡ ಜಡಿ ಬೀಳಬೇಕು. ಹಣಿಗಿ ಮುರೀಬಾರ್ದು, ನೀ ಚೀರಬಾರ್ದು. ಇಲ್ಲಂದ್ರ ಮೂಡಲಗಿಗೆ ಕರ್ಕೊಂಡ ಹೋಗಿ ಬಾಯ್ ಕಟ್ ಮಾಡಸ್ತೇನಿ. ಆಮ್ಯಾಲ ಅತ್ತರ ನಾ ಕೇಳಂಗಿಲ್ಲ.”

ಪಡಸಾಲೆಯಲ್ಲಿ ಕೂತಿದ್ದ ಲಗಮವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ವಿದ್ಯಾಳ ಆಯಿ, ಅಂದರೆ ಅಪ್ಪ ಮಾಲಿಂಗಪ್ಪನ ತಾಯಿ. ಕುರಿ ಮಾರಿದಂದಿನಿಂದ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ.

ಮಾರಿ ಎರಡು ವರ್ಷವಾಗಿತ್ತು. ಕುರಿ ಮೇಯುತ್ತಿದ್ದ ಬಯಲಿಗೆಲ್ಲ ಕೆನಾಲಿನ ನೀರು ಬಂದು ಕಬ್ಬಾಗಿತ್ತು. ಕಬ್ಬಿನೊಳಗೆ ಕುರಿ ಕಾಲಿಟ್ಟರೆ ಜಗಳ. ಹಿಂಡು ಕರಗುತ್ತ ಕರಗುತ್ತ ಹನ್ನೆರಡಕ್ಕೆ ಬಂದಾಗ ಮಾಲಿಂಗಪ್ಪ ಅವನ್ನೂ ಕೊಟ್ಟು, ತಾನೂ ಕಬ್ಬು ಹಚ್ಚಿದ. ಮನೆಯಲ್ಲಿ ಉಳಿದದ್ದು ಒಂದು ಉಣ್ಣೆ ಕತ್ತರಿ, ಎರಡು ಕಂಬಳಿ ಮತ್ತು ಆಯಿ.

ಶಾಲೆಯಲ್ಲಿ ಹಿಂದಿನ ಬೆಂಚಿನ ಮಾಳು ಕಾಯುತ್ತಲೇ ಇದ್ದ.

“ಏ ಕುರಿ, ನಿನ್ನ ಉಣ್ಣಿ ಯಾವಾಗ ಕತ್ತರಸ್ತಾರ?”

“ಮುಂದಿನ ಸೋಮವಾರ,” ಅಂದಳು ವಿದ್ಯಾ. ಸುಳ್ಳು ಹೇಳುವಷ್ಟು ಉಮೇದೂ ಅವಳಲ್ಲಿರಲಿಲ್ಲ.

ಮಾಳುವಿನ ಮನೆಯಲ್ಲಿ ಇನ್ನೂ ಕುರಿ ಇದ್ದವು. ಹಾಗಾಗಿ ಅವನ ಚೇಷ್ಟೆಯೂ ತಿಳಿದವರ ಚೇಷ್ಟೆಯಾಗಿತ್ತು. “ಈಗ ಬ್ಯಾಡ,” ಅಂದ ಗಂಭೀರವಾಗಿ. “ಥಂಡಿ ಐತಿ. ಹೋಳಿ ಆಗಲಿ.”

ಆ ಸಂಜೆ ವಿದ್ಯಾ ಅವ್ವನ ಮೊಬೈಲಿನಲ್ಲಿ ಹುಡುಕಿದಳು. ಗುಂಗುರು ಕೂದಲಿನ ಒಬ್ಬ ಅಕ್ಕ ಸಿಕ್ಕಳು. ಅವಳ ತಲೆ ದೊಡ್ಡ ಹೂವಿನ ಗಿಡದಂತಿತ್ತು. ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಗಾಡಿ ಓಡಿಸಿದಂತೆ ಮಾತಾಡುತ್ತಿದ್ದಳು. ವಿದ್ಯಾಳ ಕೈಗೆ ಸಿಕ್ಕದ್ದು ನಾಲ್ಕು ಮಾತು. ಅದನ್ನೇ ಹಿಡಿದುಕೊಂಡು ಆಯಿಯ ಹತ್ತಿರ ಓಡಿದಳು.

“ಆಯಿ, ಒಂದ ಬೀಜ ಕುದಸ್ತಾರಂತ. ಲೋಳಿ ಲೋಳಿ ಆಗತೈತಿ. ಅದನ್ನ ತಲಿಗೆ ಹಚ್ಚಿದ್ರ ಕೂದಲ ಹೇಳಿದಂಗ ಕೇಳತೈತಂತ.”

“ಯಾ ಬೀಜ?”

“ಫ್ಲ್ಯಾಕ್ಸ್ ಸೀಡ್.”

“ಹಂಗಂದ್ರ?”

“ಗೊತ್ತಿಲ್ಲ. ಕಂದು ಬಣ್ಣ ಐತಿ. ಮಿಂಚತೈತಿ.”

ಆಯಿಯ ಮುಖ ಅರಳಿತು. “ಹುಣಸಿ ಬೀಜ ಅನ್ನು ಮತ್ತ. ಅದನ್ನ ಹೇಳಾಕ ಮೊಬೈಲ್ ಬೇಕೇನ? ನಮ್ಮ ಹಿರ್ಯಾರ ಕಾಲದಿಂದ ಕುದಸ್ಕೋತ ಬಂದೇವಿ ಅದನ್ನ.”

ಅದು ನಿಜವೇ. ಕಂಬಳಿ ನೇಯುವ ಮೊದಲು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ನೂಲು ಸೆಟೆದು ನಿಲ್ಲುತ್ತದೆ. ಆಯಿ ಹುಡುಗಿಯಾಗಿದ್ದಾಗ ಗಡಿಗೆಗಟ್ಟಲೆ ಗಂಜಿ ಕಾಸಿದವಳು.

ಮಂಗಳವಾರ ಇಡೀ ದಿನ ಆಯಿ ಬೀಜ ಹುರಿದಳು, ಸಿಪ್ಪೆ ತೆಗೆದಳು, ಕುಟ್ಟಿದಳು, ನೆನೆಸಿದಳು, ಕುದಿಸಿದಳು. ಎರಡು ವರ್ಷದಲ್ಲಿ ಅವಳು ಇಷ್ಟು ಓಡಾಡಿದ್ದನ್ನು ಯಾರೂ ನೋಡಿರಲಿಲ್ಲ. ಸಂಜೆ ವಿದ್ಯಾಳನ್ನು ಕೂರಿಸಿಕೊಂಡು ಒಂದು ಎಳೆಯನ್ನೂ ಬಿಡದೆ ಹಚ್ಚಿದಳು.

“ಇನ್ನ ನೋಡು. ಹೇಳಿದಂಗ ಕೇಳತೈತಿ.”

ಕೂದಲು ಕೇಳಿತು. ವಿದ್ಯಾ ಬಲಗಡೆ ಹೊರಳಿ ಮಲಗಿದ್ದಳು. ಬೆಳಿಗ್ಗೆ ಬಲಗಡೆಯ ಕೂದಲು ಗೋಡೆಯಂತೆ ಚಪ್ಪಟೆಯಾಗಿತ್ತು. ಎಡಗಡೆಯದು ಗಾಳಿಗೆ ಹಾರುವಾಗ ಯಾರೋ “ಸ್ಟ್ಯಾಚ್ಯೂ” ಅಂದಂತೆ ಹಾಗೇ ನಿಂತಿತ್ತು. ಬೆರಳಿನಿಂದ ಬಡಿದರೆ ಟಕ್ ಟಕ್ ಅನ್ನುತ್ತಿತ್ತು.

ಕಸ್ತೂರಿ ಬಂದು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಅಲ್ಲಿಂದಲೇ ಕೂಗಿ ಹೇಳಿದಳು: “ಇನ್ನ ಐದ ದಿನಾ ಉಳದಾವ.”

ಶಾಲೆಯಲ್ಲಿ ಮಾಳು ಮೂಗು ಮುಂದೆ ಮಾಡಿ ಮೂಸಿದ.

“ಇದು ಕಂಬಳಿ ಗಂಜಿ. ನಮ್ಮ ಅಜ್ಜನ ಕೋಣ್ಯಾಗೂ ಹಿಂಗ ವಾಸನಿ ಬರತೈತಿ. ನಿನ್ನ ನೇಯಾಕ ಯಾವಾಗ ಕೊಡ್ತಾರ?”

ಕ್ಲಾಸೆಲ್ಲ ನಕ್ಕಿತು. ದೀಪಾ ಟೀಚರ್ ಏನೆಂದು ಕೇಳಿದರು. ವಿದ್ಯಾ ನಿಂತುಕೊಂಡು ಬೀಜದ ಕತೆಯನ್ನು ಮೊದಲಿನಿಂದ ಹೇಳಿದಳು. ಟೀಚರ್ ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಏನೂ ಬರೆಯದೆ ನಿಂತರು. ಅವರ ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ಈ ಕಡೆ ತಿರುಗಿದರು.

“ಫ್ಲ್ಯಾಕ್ಸ್ ಸೀಡ್ ಅಂದ್ರ ಹುಣಸಿ ಬೀಜ ಅಲ್ಲವ್ವಾ, ಅಗಸಿ. ದಿನಾ ರೊಟ್ಟಿ ಜೋಡಿ ಅಗಸಿ ಚಟ್ನಿ ತಿಂತಿ ಅಲ್ಲ, ಅದ.”

ಮನೆಗೆ ಬಂದವಳು ಪಾಟಿಚೀಲವನ್ನು ಮೂಲೆಗೆ ಒಗೆದಳು.

“ನೀನ ಕೆಡಿಸಿದಿ, ಆಯಿ. ಎಲ್ಲಾರೂ ನಕ್ಕರು. ಬಿಡು, ಬೋಳಿಸಿಬಿಡ್ಲಿ.”

ಆಯಿ ಜಗಳಕ್ಕೆ ಬರಲಿಲ್ಲ. ಸುಮ್ಮನೆ ವಿದ್ಯಾಳನ್ನು ಹತ್ತಿರ ಎಳೆದುಕೊಂಡು ಗಟ್ಟಿಯಾದ ಒಂದು ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ತಪ್ಪ ನಂದ,” ಅಂದಳು. “ಗಂಜಿ ನೂಲಿಗೆ ಹಚ್ಚೂದು. ನಿನ್ನ ತಲಿ ಮ್ಯಾಲಿಂದು ಇನ್ನೂ ಉಣ್ಣಿ ಐತಿ. ನಾ ಕಡೀ ಕೆಲಸ ಮೊದಲ ಮಾಡಿದೆ.”

“ಮತ್ತ ಮೊದಲಿನ ಕೆಲಸ ಯಾವುದು?”

“ನೀರು.”

ಬಿಸಿಲು ಇರುವಾಗಲೇ ಹಿತ್ತಲಲ್ಲಿ ನೀರು ಕಾಯಿತು. ಅಂಟವಾಳಕಾಯಿ ನೆನೆಸಿ ಕಿವುಚಿದ ನೊರೆಯಲ್ಲಿ ಆಯಿ ಮೂರು ಸಲ ತಲೆ ತೊಳೆದಳು. ಗಂಜಿಯೆಲ್ಲ ಹೋಗಿ ಕೂದಲು ಮೆತ್ತಗಾಗಿ ಹೆಗಲ ಮೇಲೆ ಇಳಿಯಿತು.

“ಹಣಿಗಿ ತರ್ಲಿ?” ಅಂದಳು ವಿದ್ಯಾ.

“ಬ್ಯಾಡ. ಕುರಿ ಉಣ್ಣ್ಯಾಗ ಮುಳ್ಳು ಸಿಕ್ಕೊಂಡಿದ್ರ ಏನ ಮಾಡ್ತಿದ್ವಿ? ಒಣ ಉಣ್ಣಿ ಜಗ್ಗಬಾರ್ದು, ಕುರಿ ಒದೀತೈತಿ. ಹಳ್ಳಕ್ಕ ಇಳಿಸಿ ಮೈ ತೊಳದು, ಹಸಿ ಇದ್ದಾಗನ ಬೆರಳಿಂದ ಬಿಡಸಬೇಕು. ಮೊದಲ ತುದಿ. ಆಮ್ಯಾಲ ನಡಕ. ಬುಡಾ ಕಡೀಕ.”

ಆಯಿ ಅಂಗೈಗೆ ನಾಲ್ಕು ಹನಿ ಕುಸುಬಿ ಎಣ್ಣೆ ಹಾಕಿಕೊಂಡಳು. ತಲೆಯನ್ನು ಪಾಲು ಮಾಡಿ ಒಂದೊಂದಕ್ಕೂ ದಾರದ ತುಂಡು ಕಟ್ಟಿದಳು. ಎಣಿಸಿದರೆ ಹನ್ನೆರಡು ಪಾಲು. ಮೊದಲನೆಯದನ್ನು ಬಿಚ್ಚಿ ಬೆರಳಾಡಿಸಿದಳು. ಒಂದು ಚೂರೂ ನೋಯಲಿಲ್ಲ.

“ಇದು ಕರಿಗಿವಿ,” ಅಂದಳು ಆಯಿ.

“ಏನು?”

“ಇದರ ಹೆಸರು. ಭಾಳ ಶಾಣ್ಯಾ ಇತ್ತು. ಯಾವತ್ತೂ ಹಿಂಡಿನ ಮುಂದ ಇರತಿತ್ತು. ಅದು ನಿಂತ್ರ ಎಲ್ಲಾ ನಿಲ್ತಿದ್ವು.”

ಎರಡನೆಯದು ಬಿಳಿಮೂಗಿ. ಮೂರನೆಯದು ಕುಂಟಿ.

“ಹಿಡಕಲ್ ಡ್ಯಾಮಿನ ಆಚಿ ಹೋದಾಗ ಇದು ಕಾಲ ಮುರಕೊಂಡಿತ್ತು. ನಿಮ್ಮ ಅಜ್ಜ ಮೂರ ದಿನಾ ಹೆಗಲ ಮ್ಯಾಲ ಹೊತ್ಕೊಂಡ ಬಂದ. ನನಗ ಜ್ವರ ಬಂದಾಗ ನಡಕೋತ ಬಾ ಅಂದಿದ್ದ.”

ವಿದ್ಯಾ ನಕ್ಕಳು. ಆಯಿಯೂ ನಕ್ಕಳು.

ಎಡಕಿವಿಯ ಹಿಂದಿನ ಸಿಕ್ಕು ಎಲ್ಲಕ್ಕಿಂತ ಹಟಮಾರಿ. ಅದಕ್ಕೆ ಕಳ್ಳಿ ಎಂದು ಹೆಸರು. ಬೆಲ್ಲದ ಬಾಗೇವಾಡಿಯಲ್ಲಿ ಯಾರದೋ ಅಂಗಳದಲ್ಲಿ ಒಣಹಾಕಿದ್ದ ಶೇಂಗಾ ತಿಂದು, ಆ ಮನೆಯ ಮುದುಕಿಯಿಂದ ಬೈಸಿಕೊಂಡು, ಸಂಜೆ ಮತ್ತೆ ಅದೇ ಅಂಗಳಕ್ಕೆ ಹೋಗಿ ಕೂತಿತ್ತಂತೆ. ಕೊನೆಗೆ ಆ ಮುದುಕಿಗೇ ಅದರ ಮೇಲೆ ಜೀವ. “ಬಿಟ್ಟ ಹೋಗ್ರಿ ಇದನ್ನ,” ಅಂದಳಂತೆ. ಕಳ್ಳಿಯನ್ನು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಆಯಿಗೆ ಅವಸರವೇ ಇರಲಿಲ್ಲ.

ಬಿಸಿಲು ಗೋಡೆ ಹತ್ತಿತು. ಹನ್ನೊಂದು ಪಾಲು ಮುಗಿದವು. ಹನ್ನೆರಡನೆಯದಕ್ಕೆ ಆಯಿ ಏನೂ ಹೇಳದೆ ಬೆರಳಾಡಿಸುತ್ತಿದ್ದಳು.

“ಇದರ ಹೆಸರು?”

“ಇದಕ ಹೆಸರ ಇಟ್ಟಿರಲಿಲ್ಲ. ಮರಿ ಇತ್ತು. ಇಡೂಣಂತ ಅಂದ್ಕೊಂಡಿದ್ದೆ. ಅಷ್ಟರಾಗ ಟೆಂಪೋ ಬಂತು.”

ವಿದ್ಯಾ ತಿರುಗಿ ನೋಡಲು ಹೋದಳು. ಆಯಿ ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿದಳು. “ಅಲಗಬ್ಯಾಡ. ಮತ್ತ ಸಿಕ್ಕಾಗತೈತಿ.”

ಅಗಸೆಯ ವಿಷಯಕ್ಕೆ ಮಾತ್ರ ಸಣ್ಣ ಜಗಳವಾಯಿತು. ತಿನ್ನುವುದನ್ನು ತಲೆಗೆ ಹಚ್ಚುವುದು ಆಯಿಗೆ ಸರಿ ಕಾಣಲಿಲ್ಲ. “ಹುಣಸಿ ತಿನ್ನಂಗಿಲ್ಲೇನ?” ಎಂದು ವಿದ್ಯಾ ಕೇಳಿದಳು. ಆಯಿ ಡಬ್ಬಿಯಿಂದ ಒಂದು ಹಿಡಿ ಅಗಸೆ ತೆಗೆದು ನೀರಿಗೆ ಹಾಕಿ ಕುದಿಸಿ ಹಚ್ಚಿದಳು. ಈ ಲೋಳೆ ಗಟ್ಟಿಯಾಗಲಿಲ್ಲ. ಒಣಗಿದ ಮೇಲೂ ಕೂದಲು ಸುರುಳಿ ಸುರುಳಿಯಾಗಿ ಮೆತ್ತಗೇ ಉಳಿಯಿತು. ಮಲಗುವಾಗ ಆಯಿ ತನ್ನ ಹಳೆಯ ಇಲಕಲ್ ಸೀರೆಯ ರೇಷ್ಮೆ ಸೆರಗನ್ನು ಹರಿದು ಅವಳ ತಲೆಗೆ ಸುತ್ತಿದಳು. ಕಂಬಳಿಗೆ ತಿಕ್ಕಿದರೆ ಕೂದಲು ಮತ್ತೆ ಸಿಕ್ಕಾಗುತ್ತದೆ ಎಂದು ಅವಳ ಲೆಕ್ಕ.

ಹೀಗೆ ಒಂದು ಪದ್ಧತಿ ಬಿತ್ತು. ಬೆಳಿಗ್ಗೆ ಬಾಚುವುದಿಲ್ಲ, ಅಂಗೈ ಒದ್ದೆ ಮಾಡಿಕೊಂಡು ಸವರುವುದು ಮಾತ್ರ. ಶನಿವಾರ ಶಾಲೆ ಬಿಟ್ಟು ಬಂದ ಮೇಲೆ ಮತ್ತೆ ನೀರು ಕಾಯಿತು. ಆವತ್ತು ತಲೆಯ ಮುಂಭಾಗದ ನಾಲ್ಕು ಪಾಲನ್ನು ವಿದ್ಯಾ ತಾನೇ ಬಿಡಿಸಿದಳು. ಅವಳ ಬೆರಳು ಆಯಿಯ ಬೆರಳಿಗಿಂತ ಚುರುಕಾಗಿದ್ದವು.

ಸೋಮವಾರ ಬಂತು. ಕಸ್ತೂರಿ ಹೊಸ ಹಣಿಗೆ ಹಿಡಿದುಕೊಂಡು ಮಗಳ ಹಿಂದೆ ಕೂತಳು. ರೂಢಿಯಂತೆ ನಡುನೆತ್ತಿಗೇ ಕೈ ಹಾಕಿದಳು.

“ತುದಿಯಿಂದ, ಅವ್ವಾ. ಮೊದಲ ಕೈ ಒದ್ದಿ ಮಾಡ್ಕೊ.”

ಕಸ್ತೂರಿ ಕೈ ಒದ್ದೆ ಮಾಡಿಕೊಂಡಳು. ತುದಿಗೆ ಬೆರಳು ಹಾಕಿದಳು, ಆಮೇಲೆ ನಡುವಿಗೆ. ಬೈತಲೆ ತೆಗೆಯಲು ಮಾತ್ರ ಹಣಿಗೆ ಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಅನುಮಾನ ಬಂತು.

“ನೀ ಯಾಕ ಚೀರವಲ್ಲಿ?”

“ನೋಯವಲ್ದು.”

ಕಸ್ತೂರಿಯ ಕೈ ನಿಂತಿತು. ಪಡಸಾಲೆಯ ಕಡೆ ನೋಡಿದಳು. “ಇಷ್ಟ ವರ್ಷ ನನಗ ಯಾಕ ಹೇಳಲಿಲ್ರಿ, ಅತ್ತಿ?”

“ನೀ ಕೇಳಲಿಲ್ಲ,” ಅಂದಳು ಆಯಿ.

ಎರಡು ಜಡೆ ಬಿದ್ದವು. ಗಿಡ್ಡ ಜಡೆ. ಮಡಿಚಿ ರಿಬ್ಬನ್ ಕಟ್ಟಿದ ಮೇಲೆ ಕಿವಿಯ ಎರಡೂ ಕಡೆ ದಪ್ಪಗೆ ಸುತ್ತಿಕೊಂಡು ನಿಂತವು. ಶಾಲೆಯಲ್ಲಿ ಮಾಳು ಬಹಳ ಹೊತ್ತು ನೋಡಿ, “ಕುರಿ ಹೋಗಿ ಟಗರ ಆತು,” ಅಂದ. ವಿದ್ಯಾ ಸಿಟ್ಟಿನಿಂದ ಜಡೆಗಳನ್ನು ಹಿಂದಕ್ಕೆ ಒಗೆಯಲು ನೋಡಿದಳು. ಅವು ಹೋಗಲಿಲ್ಲ, ನಿಂತಲ್ಲೇ ನಿಂತವು. ಆದರೂ ಒಗೆದದ್ದು ಒಗೆದದ್ದೇ.

ಮರುದಿನ ಸಂಜೆ ತಲೆ ತೊಳೆಯುವ ಹೊತ್ತು. ಕಸ್ತೂರಿ ಹೊಲದಿಂದ ಬೇಗ ಬಂದಿದ್ದಳು.

“ಬಾ, ನಾನ ಮಾಡ್ತೇನಿ. ಹದಿನೈದ ನಿಮಿಷದಾಗ ಮುಗೀತೈತಿ. ಆಯಿ ಒಂದ ತಾಸ ಹಚ್ಚತಾರ. ಇಲ್ಲಂದ್ರ ನೀನ ಮಾಡ್ಕೊ. ನಿನಗೂ ಬರತೈತಿ ಅಲ್ಲ?”

ಬರುತ್ತಿತ್ತು. ತಲೆಯ ಹಿಂಭಾಗದ್ದೂ ಬರುತ್ತಿತ್ತು, ಶನಿವಾರ ರಾತ್ರಿಯೇ ಕೈ ಹಿಂದೆ ಮಾಡಿ ನೋಡಿಕೊಂಡಿದ್ದಳು.

ವಿದ್ಯಾ ಹಿತ್ತಲಿನ ಕಡೆ ನೋಡಿದಳು. ಆಯಿ ನೀರು ಕಾಸಿ ಇಟ್ಟಿದ್ದಳು. ಕಲ್ಲಿನ ಮೇಲೆ ಕೂತು, ಹನ್ನೆರಡು ದಾರದ ತುಂಡುಗಳನ್ನು ಉಡಿಯಲ್ಲಿ ಇಟ್ಟುಕೊಂಡು, ಅವ್ವನ ಮಾತು ಕಿವಿಗೆ ಬಿದ್ದೇ ಇಲ್ಲ ಎಂಬಂತೆ ಕಬ್ಬಿನ ಹೊಲದ ಕಡೆ ಮುಖ ಮಾಡಿದ್ದಳು.

“ನನಗ ಇನ್ನೂ ಬರಂಗಿಲ್ಲ,” ಅಂದಳು ವಿದ್ಯಾ. “ಹಿಂದಿಂದು ಕಾಣಂಗಿಲ್ಲ. ಆಯಿನ ಮಾಡ್ಲಿ.”

ಹೋಗಿ ಆಯಿಯ ಮುಂದೆ ಕೂತಳು.

ಆವತ್ತು ತಲೆ ತೊಳೆದು ಬಿಡಿಸಿ ಮುಗಿಸಲು ಒಂದು ತಾಸು ಹತ್ತು ನಿಮಿಷ ಹಿಡಿಯಿತು.