ಕಾಫಿಗೆ ಮುಂಚೆ ಎದ್ದವರು

ಹೆಣ್ಣು ನೋಡಲು ಬರುವ ದಿನ ಕೈಗೆ ಆ ಬ್ಯಾಂಡ್ ಬೇಡ ಅಂತ ಅಮ್ಮ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ನಾನು ಅದನ್ನು ಬಳೆಗಳ ಹಿಂದೆ ತಳ್ಳಿಕೊಂಡು ಹಾಲ್‌ಗೆ ಬಂದೆ.

ನನ್ನ ಮೈಗ್ರೇನ್ ವಿಷಯ ಗೊತ್ತಾಗಿ ಹಿಂದೊಂದು ಸಂಬಂಧ ತಪ್ಪಿಹೋಗಿತ್ತು. "ಮದುವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು ಮೈತ್ರಿ," ಅನ್ನುವುದು ಅಮ್ಮನ ವಾದ. ನನಗೋ ಮುಚ್ಚಿಟ್ಟು ಮದುವೆಯಾಗಲು ಮನಸ್ಸಿಲ್ಲ, ಬಾಯಿಬಿಡಲು ಧೈರ್ಯವೂ ಇಲ್ಲ.

ಎದುರಿಗೆ ಗಿರಿನಗರದ ಭಾರ್ಗವ, ಪಕ್ಕದಲ್ಲಿ ಅವರ ಅಪ್ಪ ಅಮ್ಮ. ಆರ್ಕಿಟೆಕ್ಟ್ ಅಂತೆ. ಕದ್ದು ನನ್ನನ್ನೊಮ್ಮೆ ನೋಡಿದರು. ನಾನೂ ನೋಡಿದ ಕೂಡಲೇ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು. ಕಿವಿ ಕೆಂಪಗಾಗಿತ್ತು. ನನಗೆ ನಗು ಬಂತು, ಇಷ್ಟವೂ ಆಯಿತು.

ಆಗಲೇ ಬ್ಯಾಂಡ್ ಗುಂಯ್‌ಗುಟ್ಟಿತು.

ನನ್ನ ನಿದ್ದೆ, ನಾಡಿ, ಮೈಬಿಸಿ ಎಲ್ಲವನ್ನೂ ತಿಂಗಳುಗಟ್ಟಲೆ ಗಮನಿಸಿ, ನೋವು ಬರುವ ಮುಂಚೆ ಎಚ್ಚರಿಸಲು ಕಲಿತ ಬ್ಯಾಂಡ್ ಅದು. ಈಗಲೇ ಮಾತ್ರೆ ನುಂಗಿದರೆ ಬಚಾವ್. ತಡಮಾಡಿದರೆ ಕತ್ತಲೆ ಕೋಣೆ, ವಾಂತಿ.

"ಏನದು ಶಬ್ದ?" ಅಂದರು ಭಾರ್ಗವ. ಅದು ಅವರ ಮೊದಲ ಮಾತು.

"ಫೋನಿರ್ಬೇಕು," ಅಂದಳು ಅಮ್ಮ.

ನಾನು ಬಳೆ ಸರಿಸಿ ತೋರಿಸಿದೆ. "ನಂಗೆ ಮೈಗ್ರೇನ್ ಇದೆ. ಬರ್ತಾ ಇದೆ ಅಂತ ಇದು ಹೇಳ್ತಿದೆ. ಮಾತ್ರೆ ತಗೋತೀನಿ, ತಪ್ಪು ತಿಳ್ಕೋಬೇಡಿ." ಎಲ್ಲರೆದುರೇ ನುಂಗಿದೆ.

ಭಾರ್ಗವ ಎದ್ದು ಟ್ಯೂಬ್‌ಲೈಟ್ ಆರಿಸಿದರು. "ಅಪ್ಪ, ಹೊರಡೋಣ."

"ಕಾಫಿ ಬರ್ತಿದೆ..." ಅಂದಳು ಅಮ್ಮ.

"ಇನ್ನೊಂದ್ಸಲ, ಆಂಟಿ."

ಕಾಫಿ ಮುಟ್ಟದೆ ಎದ್ದರೆ ನಮ್ಮಲ್ಲಿ ಅರ್ಥ ಒಂದೇ. ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ನಾನು ಪರದೆ ಎಳೆದು ಮಲಗಿದೆ. ತಲೆನೋವು ಬಂತು, ಎಂದಿನಷ್ಟು ಜೋರಾಗಿ ಅಲ್ಲ. ಮನಸ್ಸಿಗಾದ ನೋವೇ ಹೆಚ್ಚಾಗಿತ್ತು.

ಮರುದಿನ ಸಂಜೆ ಫೋನ್ ಬಂತು. "ನಾನು ಭಾರ್ಗವ. ನಿಮ್ಮ ಜೆ.ಪಿ. ನಗರದ ಮಿನಿ ಫಾರೆಸ್ಟ್ ಪಾರ್ಕ್‌ನಲ್ಲಿ ಕೂತಿದೀನಿ. ಹುಷಾರಾಗಿದ್ರೆ ಬರ್ತೀರಾ?"

ಹೋದೆ. "ನಾನು ಬೇಡ ಅಂತ ಎದ್ದುಹೋದ್ರಿ ಅಂದ್ಕೊಂಡ್ವಿ," ಅಂದೆ.

ಅವರು ಗಾಬರಿಯಾದರು. "ಅಯ್ಯೋ, ಇಲ್ಲ ರೀ. ನಾವಲ್ಲೇ ಇದ್ದಿದ್ರೆ ನೀವು ಮಲಗ್ತಿರ್ಲಿಲ್ಲ. ನೋವು ನುಂಗ್ಕೊಂಡು ನಗ್ತಾ ಕೂತಿರ್ತಿದ್ರಿ."

ಇಷ್ಟು ವರ್ಷದಲ್ಲಿ ನನ್ನ ತಲೆನೋವಿಗೆ ಸಲಹೆ ಕೊಟ್ಟವರು ಬೇಕಾದಷ್ಟು ಜನ. ನನಗೋಸ್ಕರ ಎದ್ದುಹೋದವರು ಇವರೊಬ್ಬರೇ. ಥ್ಯಾಂಕ್ಸ್ ಅಂದೆ. ಸಾಲದು ಅನ್ನಿಸಿ ಮತ್ತೊಮ್ಮೆ ಅಂದೆ.

"ಆ ಬ್ಯಾಂಡ್ ಯಾವಾಗ್ಲೂ ಸರಿಯಾಗಿ ಹೇಳುತ್ತಾ?" ಅಂದರು.

"ಇಲ್ಲ. ಕೆಲವೊಮ್ಮೆ ಅದು ಹೇಳದೇನೂ ಬರುತ್ತೆ. ಮದುವೆ ಆದ್ಮೇಲೂ ಬರುತ್ತೆ."

"ಆಗ ನಿಮಗೆ ಏನ್ ಬೇಕು?"

"ಏನೂ ಬೇಡ. ಪಕ್ಕದಲ್ಲಿ ಯಾರಾದ್ರೂ ಮಾತಾಡದೆ ಕೂತಿದ್ರೆ ಸಾಕು."

ಭಾರ್ಗವ ನೆಲ ನೋಡುತ್ತಾ ನಕ್ಕರು. "ಇದಕ್ಕೆ ಮುಂಚೆ ನೋಡಿದ ಹುಡುಗಿಯರೆಲ್ಲ ನನ್ನ ಬೇಡ ಅಂದಿದ್ದು ಅದಕ್ಕೇ ರೀ. ಹುಡುಗ ಬಾಯೇ ಬಿಡಲ್ಲ ಅಂತ."

"ನಂಗೆ ಒಪ್ಪಿಗೆ," ಅಂದೆ.

ಅವರು ಏನೂ ಮಾತಾಡಲಿಲ್ಲ. ಕಲ್ಲುಬೆಂಚಿನ ಮೇಲೆ ಸ್ವಲ್ಪ ಹತ್ತಿರ ಸರಿದು ಕೂತರು.